ದಾರಿಯಲ್ಲೊಂದು ನಮ್ಮವರ ಮನೆ

ಚೆಂಬೂರು, ಮುಂಬೈ
೯ ಅಕ್ಟೋಬರ್ ೨೦೨೪, ಬುಧವಾರ

ಪ್ರೀತಿಯ ನೀಲಾ ಅತ್ಯಾ ಅವರಿಗೆ,

ನಿಮ್ಮ ಅಣ್ಣ ಗುರಲಿಂಗಪ್ಪನವರ ಮಗಳು ಸೋನಾಲಿ ಮಾಡುವ ಶರಣಾರ್ಥಿಗಳು. ನೀವೂ ಮಾಮಾ ಅವರೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ಮೊಣಕಾಲು ನೋವಿದ್ದರೂ ನೀವು ಆಸ್ಪತ್ರೆಯಲ್ಲಿ ನಿಂತೇ ಕೆಲಸ ಮಾಡುತ್ತೀರೆಂದು ಕೇಳಿದೆ. ಈಗ ಹೇಗಿದೆ? ಜೋರ್ಹಾಟಿನಲ್ಲಿ ಮಳೆ ಹಿಂದೆಗೆದಿದೆಯೇ, ನದಿ ಇಳಿದಿದೆಯೇ? ಇಲ್ಲಿ ಅಪ್ಪ, ಅವ್ವ ಕ್ಷೇಮ. ಅಪ್ಪನಿಗೆ ಸಕ್ಕರೆ ಕಾಯಿಲೆ ಬಂದಿದೆ. ಚಹಾಕ್ಕೆ ಸಕ್ಕರೆ ಬಿಟ್ಟಿದ್ದಾರೆ, ಶೇಂಗಾ ಹೋಳಿಗೆ ಬಿಟ್ಟಿಲ್ಲ. ಅವ್ವ ಅದನ್ನು ಡಬ್ಬಿಯೊಳಗೆ ಡಬ್ಬಿಯಿಟ್ಟು ಮುಚ್ಚುತ್ತಾಳೆ; ಅವರು ಹುಡುಕಿ ತಿನ್ನುತ್ತಾರೆ. ಇಬ್ಬರಿಗೂ ಹೊತ್ತು ಹೋಗುತ್ತಿದೆ.

ನೀವು ಈ ಮನೆ ಬಿಟ್ಟ ವರ್ಷ ನಾನಿನ್ನೂ ಹುಟ್ಟಿರಲಿಲ್ಲ. ಆದ್ದರಿಂದ ನನ್ನ ಪರಿಚಯವನ್ನು ಮೊದಲಿನಿಂದಲೇ ಮಾಡಿಕೊಡಬೇಕು. ಸಿವಿಲ್ ಎಂಜಿನಿಯರಿಂಗಿನಲ್ಲಿ ಪ್ರತಿ ವರ್ಷವೂ ತರಗತಿಗೆ ನಾನೇ ಮೊದಲಿಗಳು. ಇದನ್ನು ಹೇಳಿಕೊಳ್ಳಬಾರದೆಂದು ಅವ್ವ ಅನ್ನುತ್ತಾಳೆ. ನಿಜವನ್ನು ಮುಚ್ಚಿಡುವುದು ವಿನಯ ಹೇಗಾದೀತೆಂದು ನನಗೆ ಇಂದಿಗೂ ತಿಳಿದಿಲ್ಲ. ಮನೆಯಲ್ಲಿ ನಾನು ಆಡುವುದು ಅರ್ಧ ಹಿಂದಿ, ಅರ್ಧ ಮರಾಠಿ ಬೆರೆತ ಕನ್ನಡ. ಬರೆಯುವ ಕನ್ನಡವನ್ನು ಮಾಟುಂಗದ ಸಂಘದ ಭಾನುವಾರದ ತರಗತಿಯಲ್ಲಿ ಕಲಿತೆ. ಅಲ್ಲಿಯೂ ಮೊದಲಿಗಳೇ. ಈ ಪತ್ರ ಪಾಠದಂತೆ ಕೇಳಿಸಿದರೆ ತಪ್ಪು ಆ ತರಗತಿಯದು. ಪವಾಯಿಯ ಕಂಪನಿಯೊಂದು ನನಗೆ ಕೆಲಸ ಕೊಟ್ಟಿದೆ, ಹೊಸ ವರ್ಷಕ್ಕೆ ಸೇರಬೇಕು. ಅಲ್ಲಿಯವರೆಗೆ ಮನೆಯಲ್ಲಿ ಕೂರಲು ನನ್ನಿಂದ ಆಗುತ್ತಿಲ್ಲ. ಕೆಲಸವಿಲ್ಲದಿದ್ದರೂ ಲೋಕಲ್ ಹತ್ತುತ್ತೇನೆ. ಕಡೆಯ ಸ್ಟೇಷನ್ನಿನಲ್ಲಿಳಿದು, ಎದುರಿನ ಪ್ಲಾಟ್‌ಫಾರ್ಮಿನಿಂದ ಹಿಂತಿರುಗುತ್ತೇನೆ. ಸಹ್ಯಾದ್ರಿಯ ಕೋಟೆಗಳನ್ನೆಲ್ಲ ಹತ್ತಿಯಾಯಿತು. ಕೊಂಕಣದ ಕರಾವಳಿಯನ್ನು ಸೈಕಲ್ಲಿನಲ್ಲಿ ಗೋವೆಯವರೆಗೆ ಒಬ್ಬಳೇ ಮುಗಿಸಿದೆ. (ಅಪ್ಪನ ಲೆಕ್ಕದಲ್ಲಿ ಅದು ಕಾಲೇಜಿನ ಪ್ರವಾಸ.) ಈಗ ನನ್ನ ಆಸೆ ಬ್ರಹ್ಮಪುತ್ರೆ. ದೀಪಾವಳಿ ಮುಗಿದ ಕೂಡಲೇ ಅಸ್ಸಾಮಿಗೆ ಬಂದು, ಧುಬ್ರಿಯಿಂದ ಸೈಕಲ್ ಹತ್ತಿ, ದಂಡೆಗುಂಟ ಮೇಲಕ್ಕೆ ಸಾಗಿ, ಮಾಜುಲಿ ದ್ವೀಪ ನೋಡಿ, ಜೋರ್ಹಾಟಿನಲ್ಲಿ ಮುಗಿಸುವುದು. ವರ್ಷ ವರ್ಷವೂ ದಂಡೆಯನ್ನೇ ನುಂಗುವ ನದಿಯ ಪಕ್ಕದಲ್ಲಿ ಜನ ಹೇಗೆ ಮನೆ ಕಟ್ಟುತ್ತಾರೆಂಬುದನ್ನು ನಾನು ಪುಸ್ತಕದಲ್ಲಿ ಓದಿ ಪರೀಕ್ಷೆ ಬರೆದಿದ್ದೇನೆ. ಕಣ್ಣಿನಿಂದ ನೋಡಿಲ್ಲ.

ಸೈಕಲ್ ಪ್ರವಾಸಿಗರನ್ನು ಮನೆಯಲ್ಲಿ ಇಳಿಸಿಕೊಳ್ಳುವವರ ಬಳಗವೊಂದು ಅಂತರ್ಜಾಲದಲ್ಲಿದೆ. ಅದರಲ್ಲಿರುವವರಿಗೆ ನಮ್ಮ ಪರಿಚಯವನ್ನು ಕಳಿಸಬೇಕು, ಅವರು ಒಪ್ಪಬೇಕು. ಒಂದು ಪುಟದಲ್ಲಿ ಬಹಳ ಎಚ್ಚರದಿಂದ ಬರೆದೆ. ಮೇಲೆ ಫೋಟೋ. ಧುಬ್ರಿಯ ಶಿಕ್ಷಕರೊಬ್ಬರು ತಮ್ಮ ಸೈಕಲ್ಲನ್ನೇ ಕೊಡುವುದಾಗಿ ಹೇಳಿದ್ದರಿಂದ ಸೀಟಿನ ಅಳತೆಗೆಂದು ನನ್ನ ಎತ್ತರ. ಆಮೇಲೆ ಓದು, ಬಲ್ಲ ಭಾಷೆಗಳು, ಸಸ್ಯಾಹಾರ, ಬೀಡಿ ಸಿಗರೇಟು ಕುಡಿತ ಇಲ್ಲವೆಂಬುದು. ಬೇಗ ಮಲಗಿ ಬೇಗ ಏಳುತ್ತೇನೆ, ನೆಲದ ಮೇಲೆ ಮಲಗಬಲ್ಲೆ, ಅಡುಗೆಗೆ ಕೈ ಹಚ್ಚುತ್ತೇನೆ, ಎರಡು ದಿನಕ್ಕಿಂತ ಹೆಚ್ಚು ಇರುವುದಿಲ್ಲ ಎಂದು ಕಡೆಗೆ ಸೇರಿಸಿದೆ. ಒಂದು ಪ್ರತಿ ತೆಗೆಸಿ, ತಿದ್ದಲೆಂದು ಟೀಪಾಯಿಯ ಮೇಲೆ ಇಟ್ಟು ಸ್ನಾನಕ್ಕೆ ಹೋದೆ. ಅತ್ಯಾ, ಎಂಜಿನಿಯರಿಂಗ್ ಓದಿದವಳು ಮಾಡಬಾರದ ತಪ್ಪು ಅದು. ಆ ಹೊತ್ತಿಗೆ ಅಪ್ಪನ ಸ್ನೇಹಿತರಾದ ನೀಲಕಂಠಪ್ಪ ಕಾಕಾ ಬಂದಿದ್ದರು. ನಮ್ಮವರ ವಧುವರರ ಸಮಾವೇಶಕ್ಕೆ ಬಯೋಡೇಟಾ ಒಟ್ಟುಮಾಡುವವರು ಅವರೇ. ಅವ್ವ ನನ್ನ ಬಯೋಡೇಟಾಕ್ಕಾಗಿ ಕಾಲೇಜು ಮುಗಿದಾಗಿನಿಂದ ಪೀಡಿಸುತ್ತಿದ್ದಳು. ಫೋಟೋ, ಎತ್ತರ, ಓದು, ಸಸ್ಯಾಹಾರ, ಅಡುಗೆ ಎಲ್ಲವೂ ಅಚ್ಚುಕಟ್ಟಾಗಿ ಒಂದೇ ಪುಟದಲ್ಲಿ ಕಂಡಾಗ ಅವಳಿಗೆ ಸಂದೇಹವೇ ಬರಲಿಲ್ಲ. ಕಡೀಕೂ ನಮ್ಮ ಹುಡಿಗಿಗೆ ಬುದ್ಧಿ ಬಂತ್ರಿ ಎನ್ನುತ್ತ ಅದನ್ನು ಕಾಕಾನ ಕೈಗೆ ತಾನೇ ಕೊಟ್ಟಳು.

ಮೂರು ಮನೆಗಳಿಂದ ಫೋನು ಬಂದವು. ಧುಬ್ರಿ ಎಂಬುದು ನಾನು ಕೆಲಸ ಮಾಡುವ ಕಂಪನಿಯ ಹೆಸರೆಂದು ಒಬ್ಬರು ತಿಳಿದಿದ್ದರು. ಕಲ್ಯಾಣ್ ಊರಿನ ಇನ್ನೊಬ್ಬರಂತೂ ಅವ್ವನಿಗೆ, "ನೆಲದ ಮ್ಯಾಲ ಮಲಗ್ತೀನಿ ಅಂತ ಬರದಾಳಲ್ಲರಿ, ಈಗಿನ ಕಾಲದಾಗ ಯಾರ ಬರೀತಾರ? ಎರಡ ದಿನಕ್ಕಿಂತ ಹೆಚ್ಚ ಇರೂದಿಲ್ಲ ಅಂದ್ರ ಏನು, ತವರಮನ್ಯಾಗೇನು?" ಎಂದು ಕೇಳಿದರು. ನಾನು ಬಿದ್ದು ಬಿದ್ದು ನಕ್ಕೆ. ಆಮೇಲೆ ನಿಜ ಹೇಳಬೇಕಾಯಿತು. ಅಪ್ಪ ನಗಲಿಲ್ಲ, ಬೈಯಲೂ ಇಲ್ಲ. ಕಾಕಾನಿಂದ ಹಾಳೆಯನ್ನು ತಿರುಗಿ ಪಡೆದು, ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಕಡೆಯ ಊರು ಯಾವುದೆಂದು ಕೇಳಿದರು. ಜೋರ್ಹಾಟ್ ಎಂದೆ. ಅಲ್ಲಿ ಇಳಿಯಲು ಮನೆ ಸಿಕ್ಕಿದೆಯೇ ಎಂದರು. ಬೇರೆ ಕಡೆಗಳಲ್ಲಿ ಸಿಕ್ಕಿದೆ, ಅಲ್ಲೊಂದು ಕಡೆ ಸಿಕ್ಕಿಲ್ಲ ಎಂದೆ. ಬಹಳ ಹೊತ್ತು ಗ್ಯಾಲರಿಯಲ್ಲಿ ನಿಂತು ಎದುರಿಗೆ ಕಾಣುವ ರಿಫೈನರಿಯ ಚಿಮಣಿ ನೋಡಿದರು. ಆಮೇಲೆ ಒಳಬಂದು, "ದಾರಿಯಾಗ ನಮ್ಮವರದ ಒಂದ ಮನಿ ತೋರಸು. ಒಂದ ಸಾಕು. ಆಮ್ಯಾಲ ನಾ ಬ್ಯಾಡ ಅನ್ನೂದಿಲ್ಲ" ಎಂದರು.

ಬ್ರಹ್ಮಪುತ್ರೆಯ ದಂಡೆಯ ಮೇಲೆ ನಮ್ಮ ವಿಜಯಪುರದ ಕಡೆಯವರ ಮನೆ! ನಡೆಯಲಾಗದ ಷರತ್ತು ಹಾಕಿ ಕಟ್ಟಿಹಾಕುವ ಉಪಾಯವೆಂದು ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಊಟ ಬಿಟ್ಟು ಪವಾಯಿ ಕೆರೆಯ ಸುತ್ತ ನಡೆದೆ. ಮರುದಿನ ರೊಟ್ಟಿ ಬಡಿಯುತ್ತಿದ್ದ ಅವ್ವ ತಲೆಯೆತ್ತದೆ, "ನಿಮ್ಮ ಅತ್ಯಾ ಜೋರ್ಹಾಟದಾಗ ಇದ್ದಾಳ" ಎಂದಳು. ಶಾಲೆಯಲ್ಲಿ ವಂಶವೃಕ್ಷ ಬರೆಯಲು ಹೇಳಿದಾಗ ನಾನು ಅಪ್ಪನಿಗೆ ಒಡಹುಟ್ಟಿದವರೆಷ್ಟು ಎಂದು ಕೇಳಿದ್ದೆ. "ನಾ ಒಬ್ಬನ" ಎಂದಿದ್ದರು. ಹಾಗೇ ಬರೆದೆ, ಪೂರ್ಣ ಅಂಕಗಳೂ ಬಂದವು. ಗೊತ್ತಾದ ಮದುವೆಯನ್ನು ಬಿಟ್ಟು ನೀವು ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಮಾಮಾ ಅವರೊಂದಿಗೆ ಹೋದದ್ದನ್ನೂ, ಅಜ್ಜ ನಿಮ್ಮ ಹೆಸರನ್ನು ಮನೆಯಲ್ಲಿ ಎತ್ತಬಾರದೆಂದು ಆಣೆ ಹಾಕಿಸಿದ್ದನ್ನೂ ಅವ್ವ ಆ ದಿನವೇ ಹೇಳಿದ್ದು. ನಿಮ್ಮ ಜೊತೆ ನರ್ಸಿಂಗ್ ಓದಿದ ಗೆಳತಿಯೊಬ್ಬರು ಚೆಂಬೂರು ಮಾರ್ಕೆಟ್ಟಿನಲ್ಲಿ ಸಿಕ್ಕಾಗಲೆಲ್ಲ ಅವ್ವ ನಿಮ್ಮ ಯೋಗಕ್ಷೇಮ ಕೇಳಿಕೊಂಡು ಬರುತ್ತಿದ್ದಳಂತೆ. ಮೊಣಕಾಲಿನ ಸುದ್ದಿಯೂ ಈ ವಿಳಾಸವೂ ಅವರಿಂದ ಬಂದವು. ಫೋನ್ ನಂಬರನ್ನೂ ಕೊಟ್ಟಿದ್ದರು. ಅವ್ವ ತಡೆದಳು: "ಫೋನಿನಾಗ ಒಲ್ಲೆ ಅನ್ನಾಕ ಎಷ್ಟೊತ್ತ ಬೇಕು? ಪತ್ರ ಬರಿ. ಒಲ್ಲೆ ಅನ್ನೂಕಿಂತ ಮೊದಲ ಓದಬೇಕಾಗ್ತೈತಿ."

ಅಪ್ಪನ ಮಾತು ಮೀರಿ ಹೋಗುವ ಧೈರ್ಯ ನನಗಿದೆ. ಆದರೆ ಹಾಗೆ ಹೋದವರ ಹೆಸರು ಈ ಮನೆಯಲ್ಲಿ ಏನಾಗುತ್ತದೆಂಬುದು ಈಗ ಗೊತ್ತಾಗಿದೆ. ನಾನು ಹೇಳಿ ಹೋಗಬೇಕು, ಹೇಳಿ ಹಿಂತಿರುಗಬೇಕು. ಆದ್ದರಿಂದ ನವೆಂಬರ್ ಕೊನೆಯಲ್ಲಿ ಎರಡು ರಾತ್ರಿಗಳಿಗೆ ನಿಮ್ಮ ಮನೆಯಲ್ಲಿ ಜಾಗ ಕೇಳುತ್ತಿದ್ದೇನೆ. ಇದುವರೆಗೆ ಯಾರ ಬಳಿಯೂ ಏನನ್ನೂ ಬೇಡಿದವಳಲ್ಲ. ಬೇಡುವಾಗ ಯಾವ ಪದ ಬಳಸಬೇಕೆಂದು ಸಂಘದ ತರಗತಿಯಲ್ಲಿ ಕಲಿಸಲಿಲ್ಲ. ಬರಬೇಡವೆಂದರೆ ನಾನು ತಪ್ಪು ತಿಳಿಯುವುದಿಲ್ಲ. ಉತ್ತರವನ್ನೇ ಕೊಡದಿದ್ದರೆ ಮಾತ್ರ ಪೋಸ್ಟಿನವನ ದಾರಿ ಕಾಯುತ್ತ ಮೆಟ್ಟಿಲು ಹತ್ತಿಳಿಯುವುದೇ ನನ್ನ ಪ್ರವಾಸವಾದೀತು.

ಮಾಮಾ ಅವರಿಗೆ ನನ್ನ ನಮಸ್ಕಾರಗಳು. ಮಕ್ಕಳಿದ್ದಾರೆಯೇ ಎಂಬುದೂ ನನಗೆ ಗೊತ್ತಿಲ್ಲ. ಇದ್ದರೆ, ನಾನು ಅವರಿಗಿಂತ ದೊಡ್ಡವಳಾಗಿದ್ದರೆ ನನ್ನ ಪ್ರೀತಿ, ಚಿಕ್ಕವಳಾಗಿದ್ದರೆ ಗೌರವ. ಅವ್ವ ನಿಮಗೆ ಉಡಿ ತುಂಬುವುದು ಬಾಕಿ ಇದೆ ಎಂದು ಬರೆಯಲು ಹೇಳಿದ್ದಾಳೆ.

ಇತಿ ನಿಮ್ಮ ಸೊಸೆ,
ಸೋನಾಲಿ ಗುರಲಿಂಗಪ್ಪ

ತಾ.ಕ.: ಲಕೋಟೆಗೆ ಅಂಟು ಹಚ್ಚುತ್ತಿದ್ದಾಗ ಅಪ್ಪ ಡ್ಯೂಟಿಗೆ ಹೊರಟವರು ವಿಳಾಸ ನೋಡಿದರು. ಇದನ್ನು ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಅವರು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದಾರೆ. ಪತ್ರವನ್ನು ತಾವೇ ಪೋಸ್ಟಿಗೆ ಹಾಕುತ್ತಾರಂತೆ. ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: "ಭಾವುಬೀಜಕ್ಕ ನಾ ಬಂದರ ಬಾಗಲಾ ತಗೀತಾಳೇನ, ಅಷ್ಟ ಕೇಳು." ಅಣ್ಣ ತಂಗಿಯ ಮನೆಗೆ ಹೋಗುವ ಆ ಹಬ್ಬ ನವೆಂಬರ್ ಮೂರಕ್ಕೆ, ನಾನು ಬರುವುದಕ್ಕಿಂತ ಬಹಳ ಮೊದಲು. ಅತ್ಯಾ, ಇಬ್ಬರಿಗೂ ಒಂದೇ ಉತ್ತರ ಕೊಡಬೇಕಾಗಿಲ್ಲ. ಆದರೆ ಒಬ್ಬರನ್ನಷ್ಟೇ ಒಳಗೆ ಕರೆಯುವ ಮನಸ್ಸಿದ್ದರೆ ಅವರನ್ನೇ ಕರೆಯಿರಿ. ಆ ಊರಿನಲ್ಲಿ ನನಗೆ ಬೇರೆ ಮನೆ ಸಿಕ್ಕೀತು. ಅವರಿಗೆ ಸಿಗುವುದಿಲ್ಲ.