ಅಮ್ಮಿಯ ಬೆರಳು ಮತ್ತು ಜೋಡಿ ಎಳೆ

ನವಲಗುಂದ
ಗುರುವಾರ, ೧೪ ನವೆಂಬರ್ ೨೦೨೪

ಪ್ರೀತಿಯ ದಿಲಶಾದ ಭಾಬಿಗೆ ನಿನ್ನ ನಾದಿನಿ ಬಿಬಿಜಾನಳ ಸಲಾಮು.

ಹೇಗಿದ್ದೀ? ನಿಮ್ಮ ಅಬ್ಬಾನ ದಮ್ಮು ಈ ಥಂಡಿಗೆ ಹೆಚ್ಚಾಗಿಲ್ಲ ತಾನೆ? ನಿನ್ನ ತವರು ತಂಬೂರಿನಲ್ಲಿ ಭತ್ತದ ಕೊಯ್ಲು ಮುಗಿದಿರಬೇಕು; ನಿನ್ನ ಸೊಂಟ ಗದ್ದೆಯಲ್ಲೇ ಉಳಿಯಿತೋ, ನಿನ್ನ ಜೊತೆ ಮನೆಗೆ ಬಂತೋ ತಿಳಿಸು. ಏಳು ತಿಂಗಳಿಂದ ನೀನು ನನ್ನ ಫೋನು ಎತ್ತುತ್ತಿಲ್ಲ. ಫೋನಾದರೆ ಹೆಸರು ನೋಡಿ ಕಟ್ ಮಾಡಬಹುದು. ಕಾಗದವನ್ನು ಒಲೆಗೆ ಹಾಕಬೇಕಾದರೂ ಯಾರದೆಂದು ನೋಡಲು ಒಂದು ಸಲ ಬಿಚ್ಚಲೇಬೇಕು, ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ನಮ್ಮಿಬ್ಬರಿಗೂ ಉರ್ದುವಿನಲ್ಲಿ ಜಗಳ ಮಾಡಲು ಬರುತ್ತದೆ, ಬರೆಯಲು ಬರುವುದಿಲ್ಲ. ಸರಕಾರಿ ಕನ್ನಡ ಶಾಲೆಗಳಿಗೆ ಜಯವಾಗಲಿ.

ನನ್ನ ಸುದ್ದಿ ಕೇಳಿದರೆ ಒಂದೇ ಶಬ್ದ, ದಣಿವು. ಬೆಳಗ್ಗೆ ಐದಕ್ಕೆ ಎದ್ದು ನೀರು ಕಾಸಿ, ಅಮ್ಮಿಯ ಮುಖ ತೊಳೆದು, ತಲೆ ಬಾಚಿ, ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ತಿನ್ನಿಸಿ, ಅಣ್ಣಿಗೇರಿಯ ಬಸ್ಸು ಹಿಡಿಯುತ್ತೇನೆ. ಕಾಲೇಜಿನಲ್ಲಿ ದಿನವೆಲ್ಲ ಜೀವಶಾಸ್ತ್ರ ಹೇಳಿ, ಜೀವವನ್ನು ಅಲ್ಲೇ ಬಿಟ್ಟು, ಶಾಸ್ತ್ರವನ್ನಷ್ಟೇ ಕೈಯಲ್ಲಿ ಹಿಡಿದು ಮನೆಗೆ ಬರುತ್ತೇನೆ. ಬಂದ ಮೇಲೆ ಮತ್ತೆ ನೀರು, ಮತ್ತೆ ಬಾಚಣಿಗೆ, ಮತ್ತೆ ಹಾಲುರೊಟ್ಟಿ. ಅಮ್ಮಿಗೇನಾಯಿತು ಎಂದು ನೀನು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಜೀವಕ್ಕೆ ಏನೂ ಇಲ್ಲ. ಕೈಗೆ ಆಗಿದೆ.

ಆಗಸ್ಟ್ ಕೊನೆಯಲ್ಲಿ ನಮ್ಮ ಓಣಿಗೆ ಚಿಕುನ್‌ಗುನ್ಯಾ ಬಂತು, ಮನೆಗಣತಿಯವರಂತೆ ಒಂದು ಬಾಗಿಲನ್ನೂ ಬಿಡದೆ. ಬಾಜೂಮನೆಯ ಯಲ್ಲಪ್ಪ ಕಾಕಾ ಏಡಿಯ ಹಾಗೆ ಅಡ್ಡಡ್ಡ ನಡೆಯತೊಡಗಿದ. ನನಗೆ ನಾಲ್ಕು ದಿನ ಬಂದು ಹೋಯಿತು. ಅಮ್ಮಿಗೆ ಜ್ವರ ವಾರದಲ್ಲಿ ಬಿಟ್ಟಿತು, ಆದರೆ ಹತ್ತೂ ಬೆರಳು ಎಳೆ ಸೌತೆಕಾಯಿಯಾಗಿ ಉಬ್ಬಿ ನಿಂತವು. ಇವತ್ತಿಗೂ ಮುಷ್ಟಿ ಕಟ್ಟಲು ಬರುವುದಿಲ್ಲ. ಶಾಲೆಯಲ್ಲಿ ಕನ್ನಡ ಸರ್ ಲೋಪ, ಆಗಮ, ಆದೇಶ ಎಂದು ಮೂರು ಸಂಧಿ ಕಲಿಸಿದ್ದರಲ್ಲ, ಅಮ್ಮಿಯ ಸಂಧಿಗಳಲ್ಲಿ ಮೂರನ್ನೂ ಒಟ್ಟಿಗೆ ಕಂಡೆ. ನಿದ್ದೆಯ ಲೋಪ, ಬಾವಿನ ಆಗಮ, ಡಾಕ್ಟರರ ಆದೇಶ. ಡಾಕ್ಟರು ತಿಂಗಳುಗಟ್ಟಲೆ ಹಿಡಿಯಬಹುದು ಎಂದಿದ್ದಾರೆ. ಬೆರಳು ಮೊದಲಿನ ಹಾಗೆ ಆಗುತ್ತವೆಯೇ ಎಂದು ಕೇಳಿದರೆ, ಅವರು ತಮ್ಮ ಬೆರಳಿನಿಂದ ಮೇಲೆ ತೋರಿಸಿದರು.

ಅಮ್ಮಿ ಮಾತ್ರ ರಕ್ತಪರೀಕ್ಷೆಯ ಚೀಟಿಯನ್ನು ನಂಬಲಿಲ್ಲ. ನಿನಗೆ ಗೊತ್ತಿರುವ ಹಾಗೆ ಆಕೆ ಮುದ್ದು ಮಾಡುವುದು ಉರ್ದುವಿನಲ್ಲಿ, ಬೈಯುವುದು ಕನ್ನಡದಲ್ಲಿ, ಓಣಿಗೆಲ್ಲ ತಿಳಿಯಲಿ ಎಂದು. ಹಾಸಿಗೆಯಲ್ಲಿ ಮಲಗಿಯೇ ಕನ್ನಡ ಶುರುವಾಯಿತು. ‘ಇದು ಜ್ವರಾ ಅಲ್ಲ, ದಿಲಶಾದನ ಹಾಯ್, ಆಕಿ ಶಾಪ. ಹೊಟ್ಟಿ ಉರಕೊಂಡು ಹ್ವಾದಾಕಿ, ಆ ಉರಿ ನನ್ನ ಕೈಗೆ ಹತ್ತೇತಿ.’ ಸೊಳ್ಳೆ ಕಚ್ಚಿ ಬರುವ ಜ್ವರ ಅಮ್ಮಿ, ಅದೂ ಹಗಲು ಕಚ್ಚುವ ಸೊಳ್ಳೆ ಎಂದೆ. ‘ಅದಕ್ಕ ನನ್ನ ಪತ್ತೆ ಕೊಟ್ಟಾಕಿ ಯಾರು?’ ಅಂದಳು. ಹಾಗಾದರೆ ಯಲ್ಲಪ್ಪ ಕಾಕಾನಿಗೆ ಯಾಕೆ ಬಂತು, ಆತ ಏನು ಮಾಡಿದ್ದ ಎಂದರೆ, ‘ಅಂವ ಆಕಿನ್ನ ಬಸ್ ಹತ್ತಿಸಿ ಬಂದಾವ. ತಡೀಬೇಕಿತ್ತು, ತಡೀಲಿಲ್ಲ’ ಅಂದಳು. ಈ ಮಾತನ್ನು ನೀನು ಇನ್ನೊಮ್ಮೆ ಓದು ಭಾಬಿ. ನಾನು ಆವತ್ತಿನಿಂದ ಓದುತ್ತಲೇ ಇದ್ದೇನೆ.

ತಡೆಯಬೇಕಾದವಳು ನಾನೂ ಹೌದು. ರಂಜಾನ್ ಮುಗಿದ ವಾರ ನಡೆದದ್ದನ್ನು ನಾವಿಬ್ಬರೂ ಮಾತಾಡಲೇ ಇಲ್ಲ, ನೀನು ಕೈ ತೊಳೆದುಕೊಂಡು ಹೊರಟುಬಿಟ್ಟೆ. ನನ್ನ ಅಣ್ಣ, ನಿನ್ನ ಗಂಡ, ಅಲ್ಲಾಭಕ್ಷ ಭಾಯಿ ತೀರಿ ಎರಡು ವರ್ಷವಾಗಿತ್ತು. ನಿನಗೆ ಇನ್ನೊಂದು ನಿಕಾಹ್ ಮಾಡುವ ಮಾತು ನಿಮ್ಮ ತಂಬೂರಿನ ಕಡೆಯಿಂದ ಓಣಿಗೆ ತಲುಪಿತು. ನೀನು ಹೂಂ ಎಂದಿರಲಿಲ್ಲ, ಊಹೂಂ ಎಂದೂ ಇರಲಿಲ್ಲ, ನಿನಗೆ ಆ ಸುದ್ದಿ ತಿಳಿದಿತ್ತೋ ಇಲ್ಲವೋ ಅದೂ ನನಗೆ ಗೊತ್ತಿಲ್ಲ. ಮರುದಿನ ಬೆಳಗ್ಗೆ ನೀನು ಜಮಖಾನದ ಮಗ್ಗದ ಮುಂದೆ ಕೂತು ಕಬ್ಬಿಣದ ಹಲ್ಲಿನ ಪಂಜಾದಿಂದ ನೂಲು ಬಡಿಯುತ್ತಿದ್ದಾಗ ಅಮ್ಮಿ ಬಂದು ನಿನ್ನ ಕೈಯಿಂದ ಆ ಪಂಜಾ ಕಸಿದು ಟ್ರಂಕಿನಲ್ಲಿಟ್ಟು ಕೀಲಿ ಹಾಕಿದಳು. ‘ಈ ಮನಿ ನಮೂನಿ ಇನ್ನೊಂದ ಮನಿಗೆ ಹೋಗಬಾರದು.’ ಹದಿಮೂರು ವರ್ಷ ಒಂದೇ ಮಣೆಯ ಮೇಲೆ ಒತ್ತೊತ್ತಾಗಿ ಕೂತು ನೇಯ್ದವರು ನೀವು! ನಾನು ಚಹಾದ ಕಪ್ಪು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಚಹಾ ಆರುವವರೆಗೂ ನಿಂತೇ ಇದ್ದೆ. ಅದೊಂದನ್ನು ಮಾತ್ರ ಚೆನ್ನಾಗಿ ಮಾಡಿದೆ.

ಯಾಕೆ ನಿಂತೆನೆಂಬುದನ್ನೂ ಇವತ್ತು ಹೇಳಿಬಿಡುತ್ತೇನೆ, ಕಾಗದದಲ್ಲಿ ಮುಖ ಕಾಣುವುದಿಲ್ಲವಲ್ಲ. ನಮ್ಮ ಮನೆಯಲ್ಲಿ ಜಮಖಾನದ ಕೆಲಸ ಸೊಸೆಗೆ ಕಲಿಸುತ್ತಾರೆ, ಮಗಳಿಗಲ್ಲ. ಮಗಳು ಅದನ್ನು ಗಂಡನ ಮನೆಗೆ ಕಟ್ಟಿಕೊಂಡು ಹೋಗುತ್ತಾಳೆ ಎಂಬ ಹೆದರಿಕೆ. ನಾನು ಗಂಡನ ಮನೆಗೂ ಹೋಗಲಿಲ್ಲ, ನಲವತ್ತಕ್ಕೆ ಒಂದೇ ವರ್ಷ ಉಳಿಯಿತು, ಆದರೂ ಕಾಯಿದೆ ಎಂದರೆ ಕಾಯಿದೆ. ಚಿಕ್ಕವಳಿದ್ದಾಗ ಹೊಸ್ತಿಲ ಮೇಲೆ ಪುಸ್ತಕ ಹಿಡಿದು ಕೂಡುತ್ತಿದ್ದೆ, ನೂಲಿನ ಉಂಡೆ ಸುತ್ತಲು ಮಾತ್ರ ನನಗೆ ಪರವಾನಗಿ. ನೀನು ಮದುವೆಯಾಗಿ ಬಂದ ಹದಿನೈದು ದಿನಕ್ಕೆ ನಿನ್ನ ಕೈಗೆ ಪಂಜಾ ಬಂತು. ಆವತ್ತು ನಾನು ನಿನಗೆ ಶೀರಾ ಮಾಡಿ ತಿನ್ನಿಸಿದೆ, ನೆನಪಿದೆಯೇ? ಅದರಲ್ಲಿ ಸಕ್ಕರೆ ಕಡಿಮೆಯಾಗಿತ್ತು. ಮರೆತದ್ದಲ್ಲ.

ಇರಲಿ. ಅಮ್ಮಿಯ ಕೈಗೆ ಮರಳುತ್ತೇನೆ. ಹೋದ ತಿಂಗಳ ಒಂದು ಭಾನುವಾರ ಆಕೆಯನ್ನು ಅಂಗಳದ ಬಿಸಿಲಿನಲ್ಲಿ ಕೂಡಿಸಿಕೊಂಡು, ಕೈಯನ್ನು ನನ್ನ ತೊಡೆಯ ಮೇಲಿಟ್ಟು ಬಿಸಿನೀರಿನ ಬಟ್ಟೆ ಒತ್ತುತ್ತಿದ್ದೆ. ಮತ್ತೆ ಹಾಯ್ ಪುರಾಣ ಶುರುವಾಯಿತು. ಕೇಳಿ ಕೇಳಿ ಬೇಸತ್ತಿದ್ದೆ. ಪಿಯುಸಿ ಮಕ್ಕಳಿಗೆ ಹೇಳುವ ಪಾಠವನ್ನೇ ಆಕೆಗೂ ಹೇಳಿದೆ. ಮಕ್ಕಳಾದರೆ ಆಕಳಿಸುತ್ತಾರೆ, ಅಮ್ಮಿಯಾದರೂ ಬೈಯುತ್ತಾಳೆ, ಕೇಳಿದ ಗುರುತು ಸಿಗುತ್ತದೆ. ಮೈಯೆಂಬುದು ಒಂದು ದೊಡ್ಡ ಊರು ಅಮ್ಮಿ, ಒಂದೊಂದು ಜೀವಕೋಶವೂ ಒಂದೊಂದು ಮನೆ ಎಂದೆ. ಮನೆಯೊಳಗೆ ಕೆಲಸದ ಚೀಟಿಗಳು ಓಡಾಡುತ್ತಿರುತ್ತವೆ, ಒಂಟಿ ಎಳೆಯ ನೂಲಿನಂತೆ. ಸೊಳ್ಳೆಯ ಸಂಗಡ ಬಂದ ವೈರಸ್ಸು ಒಳಗೆ ನುಗ್ಗಿ ತನ್ನ ಚೀಟಿಯ ನಕಲು ತೆಗೆಯಲು ಕೂತಾಗ ಎರಡು ಎಳೆ ಒಂದಕ್ಕೊಂದು ಹೊಸೆದುಕೊಳ್ಳುತ್ತವೆ. ಅಂಥ ಉದ್ದನೆಯ ಜೋಡಿ ಎಳೆ ನಮ್ಮ ಮನೆಯ ಮಾಲಲ್ಲ. ಒಳಗಿರುವ ಕಾವಲಿನವರು ಮುಖ ನೋಡುವುದಿಲ್ಲ, ಹೆಸರು ಕೇಳುವುದಿಲ್ಲ. ಕತ್ತಲೆಯಲ್ಲಿ ಕೈಯಾಡಿಸುತ್ತ ನೂಲು ಮುಟ್ಟಿ ನೋಡುತ್ತಾರೆ, ಜೋಡಿ ಸಿಕ್ಕಿತೋ ಬೊಬ್ಬೆ ಹಾಕುತ್ತಾರೆ.

ಅಮ್ಮಿಯ ಮುಖ ಎಷ್ಟೋ ದಿನಗಳ ಮೇಲೆ ಅರಳಿತು. ‘ಇದು ನನಗ ಗೊತ್ತೈತಿ. ಕಣ್ಣ ಮುಚ್ಚಿ ನೂಲ ಎಳದ್ರೂ ಎಲ್ಲಿ ಜೋಡಿ ಬಂದೈತಿ ಬೆರಳಿಗೆ ತಿಳೀತೈತಿ. ಅವ್ರಿಗೆ ಯಾರ ಕಲಿಸಿದ್ರು?’ ಯಾರೂ ಕಲಿಸಿಲ್ಲ, ಹುಟ್ಟುವಾಗಲೇ ಬಲ್ಲವರು, ಕಲಿತು ಬರುವ ದಂಡು ಬೇರೆ ಇದೆ, ಅದು ನಿಧಾನ, ಎಂದೆ. ‘ಕಲಸಲಾರದ ಬಂದ ಇದ್ಯಾದ ಮ್ಯಾಲೆ ನನಗ ನಂಬಿಗಿ ಇಲ್ಲ’ ಅಂದಳು. ಯಾರಿಗೆ ಅಂದಳೋ! ನಾನು ಬಟ್ಟೆ ಹಿಂಡಿ ಮುಂದೆ ಹೇಳಿದೆ. ಆ ಬೊಬ್ಬೆಗೆ ಇಂಟರ್‌ಫೆರಾನ್ ಎಂದು ಹೆಸರು. ಕೂಗಿದ ಮನೆ ಉಳಿಯದಿದ್ದರೂ ಅಕ್ಕಪಕ್ಕದ ಮನೆಗಳು ಬಾಗಿಲು ಭದ್ರ ಮಾಡಿಕೊಳ್ಳುತ್ತವೆ. ಇನ್ನಷ್ಟು ಸಂದೇಶಗಳು ತಲೆಗೆ ಹೋಗಿ ಮೈ ಕಾಯಿಸು ಎನ್ನುತ್ತವೆ, ಜ್ವರ ಅಂದರೆ ಅದು. ಆಮೇಲೆ ರಕ್ತದ ನಾಳಗಳು ಅಗಲವಾಗಿ, ಸಡಿಲಾಗಿ, ನೀರು ಒಸರಿ, ಬಿಳಿ ರಕ್ತಕಣಗಳ ಪಡೆ ಆ ಜಾಗಕ್ಕೆ ಬಂದು ಇಳಿಯುತ್ತದೆ. ಅದಕ್ಕೇ ಆ ಕೆಂಪು, ಆ ಬಿಸಿ, ಆ ಬಾವು. ‘ಅಂದ್ರ ನನ್ನ ಕೈ ಉಬ್ಬಿಸಿದ್ದು ಕಳ್ಳ ಅಲ್ಲ, ಪೊಲೀಸರು?’ ಹೌದು ಅಮ್ಮಿ, ಬಂದೋಬಸ್ತು ಜಾಸ್ತಿಯಾಗಿದೆ ಎಂದೆ.

ನಕ್ಕಳು. ನಕ್ಕವಳೇ ಕೇಳಿದಳು, ‘ಕಳ್ಳ ಯಾವಾಗ ಹ್ವಾದಾ?’ ಎಂಟು ಹತ್ತು ದಿನಕ್ಕೇ ರಕ್ತ ಬಿಟ್ಟು ಹೋಗಿರುತ್ತಾನೆ ಎಂದೆ. ‘ಮತ್ತ ಇವ್ರ ಇನ್ನೂ ಯಾಕ ಕುಂತಾರ?’ ಇದಕ್ಕೆ ನನ್ನ ಪುಸ್ತಕದಲ್ಲೂ ಸರಿಯಾದ ಉತ್ತರವಿಲ್ಲ ಭಾಬಿ. ಕಳ್ಳನ ಚೂರುಪಾರು ಕೀಲಿನಲ್ಲಿ ಉಳಿದಿರಬಹುದು ಎನ್ನುವವರಿದ್ದಾರೆ. ಏನೂ ಉಳಿದಿರದಿದ್ದರೂ ಕೆಲವರ ಮೈಯಲ್ಲಿ ಕಾವಲಿನವರ ಅನುಮಾನ ಹೋಗುವುದಿಲ್ಲ, ಹೊಡೆಯಲು ಎತ್ತಿದ ಕೈ ಇಳಿಯುವುದಿಲ್ಲ, ಕಳ್ಳ ಸಿಗದಿದ್ದರೆ ಮನೆಯವರನ್ನೇ ಬಡಿಯುತ್ತಾರೆ ಎಂದು ಹೇಳಿದೆ. ಪಾಠದ ಓಘದಲ್ಲಿ ಹೇಳಿದ್ದು, ನಿನ್ನ ವಿಷಯ ನನ್ನ ತಲೆಯಲ್ಲಿರಲಿಲ್ಲ, ಖುದಾನಾಣೆ. ಅಮ್ಮಿ ತನ್ನ ಕೈಯನ್ನು ನನ್ನ ತೊಡೆಯಿಂದ ಮೆಲ್ಲಗೆ ತೆಗೆದುಕೊಂಡಳು. ತಿರುಗಿಸಿ ಮುರುಗಿಸಿ ನೋಡಿಕೊಂಡಳು. ‘ಮನ್ಯಾಕಿನ್ನ ಕಳ್ಳಿ ಅಂದಂಗ’ ಅಂದಳು, ನನಗಲ್ಲ, ಆ ಕೈಗೆ. ಆವತ್ತಿನಿಂದ ಹಾಯ್ ಎಂಬ ಶಬ್ದ ಈ ಮನೆಯಲ್ಲಿ ಕೇಳಿಲ್ಲ. ಬೈಯದ ಅಮ್ಮಿಯ ಜೊತೆ ಇರುವುದು ಎಷ್ಟು ಕಷ್ಟವೆಂದು ನಿನಗೆ ತಿಳಿಯದು, ನಿನಗೆ ಅಂಥ ಪ್ರಸಂಗ ಬಂದಿರಲೇ ಇಲ್ಲ.

ಮಗ್ಗ ಹಾಗೆಯೇ ನಿಂತಿದೆ. ನೀನು ಹೋದ ಮೇಲೆ ಅಮ್ಮಿ ತನ್ನ ಹಳೆಯ ಪಂಜಾ ಹಿಡಿದು, ನೀನು ಅರ್ಧಕ್ಕೆ ಬಿಟ್ಟ ಜಮಖಾನವನ್ನೇ ಮುಂದುವರಿಸಿದ್ದಳು. ಮೂರು ಸಾಲು ನವಿಲು ನಿನ್ನವು, ನಾಲ್ಕನೆಯ ಸಾಲಿನ ಐದು ನವಿಲು ಆಕೆಯವು. ಕುತ್ತಿಗೆಗೆ ಬರುವ ಹೊತ್ತಿಗೆ ಜ್ವರ ಬಂತು. ಹೀಗಾಗಿ ಆಗಸ್ಟಿನಿಂದ ಪಡಸಾಲೆಯಲ್ಲಿ ಐದು ತಲೆಯಿಲ್ಲದ ನವಿಲುಗಳ ಜೊತೆ ನಾವಿಬ್ಬರು ಚಹಾ ಕುಡಿಯುತ್ತಿದ್ದೇವೆ. ನವಿಲಿಗೆ ಎಲ್ಲಿ ಎಷ್ಟು ಎಳೆ ಎಂಬ ಎಣಿಕೆ ಕಾಗದದಲ್ಲಿಲ್ಲ, ನಿಮ್ಮಿಬ್ಬರ ತಲೆಯಲ್ಲಿ ಮಾತ್ರ. ಅಮ್ಮಿಗೆ ಬಾಯಿಂದ ಹೇಳಲು ಬರುವುದಿಲ್ಲ, ಬೆರಳಿನಿಂದ ಹೇಳುತ್ತಿದ್ದವಳು. ಈಗ ಆ ಬೆರಳಿಗೆ ಮಾತಿಲ್ಲ. ಇದನ್ನು ನಿನಗೆ ಬರೆಯುವುದು ನಿನ್ನನ್ನು ಎಳೆಯಲು ಅಲ್ಲ. ನಿನ್ನ ನಿಕಾಹ್ ಗೊತ್ತಾಗಿದ್ದರೆ ಮಾಡಿಕೋ. ಮೂವತ್ತೈದು ಏನು ವಯಸ್ಸು, ನನ್ನ ವಿದ್ಯಾರ್ಥಿಗಳು ಆ ವಯಸ್ಸಿಗೆ ಇನ್ನೂ ನನ್ನ ವಿಷಯ ಪಾಸು ಮಾಡುತ್ತಿರುತ್ತಾರೆ. ನನ್ನನ್ನು ಕರೆದರೆ ಶೀರಾ ನಾನೇ ಮಾಡುತ್ತೇನೆ, ಈ ಸಲ ಸಕ್ಕರೆ ಪೂರ್ತಿ.

ನಿಮ್ಮ ಅಬ್ಬಾಗೆ ನನ್ನ ಸಲಾಮು ಹೇಳು, ಹೊಗೆಯ ಹತ್ತಿರ ಕೂಡಬೇಡ ಎಂದೂ ಹೇಳು. ನಿನಗೆ ಒಳ್ಳೆಯ ನಿದ್ದೆ ಬರಲಿ, ನಿನ್ನ ಕೈಕಾಲು ಗಟ್ಟಿಯಾಗಿರಲಿ. ನನಗೆ ಇದಕ್ಕಿಂತ ದೊಡ್ಡ ದುವಾ ಈಗ ತಿಳಿಯದು.

ನಿನ್ನ ನಾದಿನಿ,
ಬಿಬಿಜಾನ

ತಾ.ಕ.: ಟಪಾಲು ಹೋಗಲು ಅರ್ಧ ತಾಸಿದೆ, ಅಸಲು ಮಾತು ಉಳಿದೇಬಿಟ್ಟಿತು. ನಿನ್ನೆ ಸಂಜೆ ಅಮ್ಮಿ ಒಳಗಿನ ಕೋಣೆಯಲ್ಲಿ ಮಲಗಿದ್ದಾಗ ನಾನು ಮಗ್ಗದ ಮುಂದೆ ಕೂತೆ. ಯಾಕೆ ಕೂತೆನೋ ಗೊತ್ತಿಲ್ಲ, ದಣಿದಿದ್ದೆ, ಅದೇ ಮಣೆ ಹತ್ತಿರವಿತ್ತು. ಹೊಸ್ತಿಲಲ್ಲಿ ಕೂತು ನೋಡಿದ್ದು ಎಲ್ಲೋ ಕೈಯಲ್ಲಿತ್ತು. ನಾಲ್ಕು ಬೆರಳಗಲ ನೇಯ್ದು, ಒಂದು ನವಿಲಿಗೆ ತಲೆ ಇಟ್ಟೆ. ಒಳಗಿನಿಂದ ಕೂಗು ಬಂತು, ‘ಯಾರದು? ಸಪ್ಪಳ ಬರೋಬರಿ ಇಲ್ಲ.’ ನಾನು ಪಂಜಾ ಕೆಳಗಿಟ್ಟೆ. ‘ಎಡಕ್ಕ ಎರಡ ಎಳಿ ಬಿಟ್ಟೀ ನೋಡ’ ಅಂದಳು. ಬಿಟ್ಟಿದ್ದೆ! ಆಮೇಲೆ ತಾನೇನು ಮಾಡಿದೆನೆಂದು ಆಕೆಗೇ ಹೊಳೆದಿರಬೇಕು. ‘ನಾ ಮಗಳಿಗೆ ಕಲಸಂಗಿಲ್ಲ. ಕಲಸಾಕಿ ತಂಬೂರಾಗ ಅದಾಳ, ಆಕಿನ್ನ ಕೇಳ’ ಅಂದಳು. ಭಾಬಿಯ ನಿಕಾಹ್ ಆದರೂ ಕೇಳಲೇನು ಎಂದೆ. ‘ಆದ್ರ ಆ ಮನಿಗೇ ಹೋಗಿ ಕೇಳ’ ಅಂದಳು. ಕೇಳುತ್ತಿದ್ದೇನೆ ಭಾಬಿ. ನೀನು ಇಲ್ಲಿಗೆ ಬರುತ್ತೀಯೋ, ನಾನು ಭಾನುವಾರಕ್ಕೊಮ್ಮೆ ಅಲ್ಲಿಗೆ ಬರಲೋ, ಒಂದು ಮಾತು ಹೇಳು, ಫೋನಿನಲ್ಲೇ ಹೇಳು. ನನ್ನ ನವಿಲು ಕೋಳಿಯಾಗಿದೆ. ಬಿಚ್ಚಲು ಹೋದರೆ ಅಮ್ಮಿ ಗೋಡೆ ಹಿಡಿದುಕೊಂಡು ಎದ್ದು ಬಂದು ತಡೆದಳು. ‘ಬಿಚ್ಚಬ್ಯಾಡ. ಹಂಗ ಇರಲಿ, ಆಕಿ ನೋಡಿ ನಗಲಿ.’