ಬಿಚ್ಚುವ ದಾರಿಯಿಲ್ಲದ ಗೌನು

ಗುರುವಾರ, ಹದಿನಾಲ್ಕನೇ ತಾರೀಖು
ಇಸ್ತ್ರಿ ಮೇಜಿನ ಮೇಲಿಟ್ಟುಕೊಂಡು ಬರೆದದ್ದು

ನನ್ನ ಗುಬ್ಬಿಗೆ ಅಕ್ಕನ ಮನಸಾರೆ ಆಶೀರ್ವಾದ.

ನಿನ್ನ ಕಾಗದ ಬಂದು ಒಂಬತ್ತು ದಿನವಾಯಿತು. ಮೂರು ಸಲ ಉತ್ತರ ಬರೆದು ಹರಿದೆ. ನಾವು ಕ್ಷೇಮ ಎಂದು ಶುರುಮಾಡಿದರೆ ಸುಳ್ಳಾಗುತ್ತದೆ, ಕ್ಷೇಮವಿಲ್ಲ ಎಂದರೆ ನೀನು ಗಾಬರಿಯಾಗುತ್ತೀ. ಆರನೇ ಕ್ಲಾಸಿಗೇ ಬಿಟ್ಟವಳ ಅಕ್ಷರ, ತಪ್ಪಿದ್ದರೆ ತಿದ್ದಿಕೊಂಡು ಓದು. ನಿನ್ನ ಕೆಮ್ಮು ಹೇಗಿದೆ? ಬಿಸಿನೀರು ಬಿಡಬೇಡ. ನಿಮ್ಮ ಭಾವ ಚೆನ್ನಾಗಿದ್ದಾರೆ, ಅವರ ಮಂಡಿನೋವು ಅವರಿಗಿಂತ ಚೆನ್ನಾಗಿದೆ.

"ಪೇಪರಲ್ಲಿ ಬಂದಿರೋ ಪಟದಲ್ಲಿ ನಿಂತಿರೋಳು ನೀನೇ ಅಂತ ಫ್ಯಾಕ್ಟರಿಯೋರು ಗೇಟಲ್ಲೇ ತಡೆದ್ರು, ಹದಿನೆಂಟನೇ ತಾರೀಖು ಸೋಮವಾರ ವಿಚಾರಣೆಯಂತೆ, ಏನಕ್ಕಾ ಇದು" ಎಂದು ಕೇಳಿದ್ದೀಯ. ಮೊದಲಿನಿಂದ ಹೇಳುತ್ತೇನೆ.

ನಮ್ಮ ಸ್ಟುಡಿಯೋ ಯಜಮಾನಿ ಇದ್ದಾರಲ್ಲ, ಫೋಟೋ ತೆಗೆಯುವವರು, ಮನಸ್ಸಿನಲ್ಲೇ ನಾನು ಪಟದಮ್ಮ ಅನ್ನುತ್ತೇನೆ. ನಿಮ್ಮ ಫ್ಯಾಕ್ಟರಿಯ ಹಳೇ ನೀಲಿ ಕೋಟು ತರಿಸಿ ಎಂದಾಗ ನೆಲ ಒರೆಸಲಿಕ್ಕಿರಬೇಕು ಅಂದುಕೊಂಡು ನಿನ್ನಿಂದ ಆರು ತರಿಸಿದೆ. "ಇದರಲ್ಲಿ ರಾಣಿ ಹಾಕೋ ಥರ ಗೌನ್ ಹೊಲೀರಿ" ಎಂದರು. ಹಿಂದೆ ಎರಡು ಮಾರು ನೆಲಕ್ಕೆ ಎಳೆಯಬೇಕು. ಗುಂಡಿ ಬೇಡ, ಜಿಪ್ ಬೇಡ, ಬಿಚ್ಚುವ ದಾರಿಯೇ ಇರಬಾರದು. ತೊಟ್ಟ ಮೇಲೆ ಬೆನ್ನಿನ ಮೇಲೇ ಹೊಲಿದು ಮುಚ್ಚಬೇಕು. ಕೆಲಸದ ಹೊತ್ತಿನಲ್ಲಿ ನಿಮ್ಮ ಬಾಗಿಲಿಗೆ ಹೊರಗಿನಿಂದ ಬೀಗ ಹಾಕುತ್ತಾರಲ್ಲ, ಅದು ನೋಡಿದವರ ಎದೆಗೆ ನಾಟಬೇಕಂತೆ.

"ಹಾಕ್ಕೊಂಡೋಳಿಗೆ ಬಾತ್‌ರೂಮಿಗೆ ಅರ್ಜೆಂಟಾದ್ರೆ ಮೇಡಂ?" ಎಂದೆ.

"ಅದನ್ನೇ ಅಲ್ವಾ ನಾನು ತೋರಿಸ್ತಿರೋದು" ಎಂದರು.

ಕೋಟುಗಳ ಕತ್ತಿನ ಹಿಂದಿನ ನಂಬರ್ ಪಟ್ಟಿ ಐದನ್ನು ಬಿಚ್ಚಿದೆ. ಆರನೆಯದು ಒಗೆದು ಒಗೆದು ಸೊಳ್ಳೆಪರದೆಯಾಗಿತ್ತು. ಆ ಪಟ್ಟಿಯೇ ಬಟ್ಟೆಯನ್ನು ಹಿಡಿದಿತ್ತು, ಬಿಚ್ಚಿದರೆ ಕತ್ತೇ ಹರಿಯುತ್ತದೆ. ಹೊಲಿಗೆ ಬಲ್ಲವರು ಯಾರೂ ಬಿಚ್ಚುವುದಿಲ್ಲ. ಬಿಟ್ಟೆ. ಅದು ನಿನ್ನ ಇನ್ನೂರ ಹದಿನಾರು. ಬೆರಳಗಲದ ಪಟ್ಟಿ ಯಾರ ಕಣ್ಣಿಗೆ ಬೀಳುತ್ತದೆ ಅಂದುಕೊಂಡೆ. ಪಟ ಗೋಡೆಯಷ್ಟು ಎತ್ತರವಾಗುತ್ತದೆ ಎಂದು ನನಗೇನು ಕನಸು ಬಿದ್ದಿತ್ತೆ?

ಫೋಟೋ ದಿನ ರೂಪದರ್ಶಿ ಹುಡುಗಿ ಬರುವುದು ತಡವಾಯಿತು. ಲೈಟು ಸರಿಮಾಡಿಕೊಳ್ಳಬೇಕು, ಅಲ್ಲಿತನಕ ನೀವೇ ನಿಲ್ಲಿ ಎಂದು ನನಗೆ ಗೌನು ತೊಡಿಸಿ, ಪಟದಮ್ಮನೇ ಬೆನ್ನಿಗೆ ಅಡ್ಡಾದಿಡ್ಡಿ ಹೊಲಿಗೆ ಹಾಕಿದರು. ಗೋಡೆಗೆ ಮುಖ ಮಾಡಿ ಮುಕ್ಕಾಲು ಗಂಟೆ ನಿಂತೆ. ಒಲೆ ಆರಿಸಿ ಬಂದೆನೋ ಇಲ್ಲವೋ ಎನ್ನುವುದೇ ಯೋಚನೆ. "ಆ ಭುಜ ಹಾಗೇ ಇರಲಿ, ಇಳಿಸ್ಬೇಡಿ" ಎನ್ನುತ್ತಿದ್ದರು. ಆಮೇಲೆ ಹುಡುಗಿ ಬಂದಳು, ಗೊಂಬೆಯ ಹಾಗೆ ನಿಂತಳು. ಆದರೂ ಅವರು ಆರಿಸಿದ್ದು ನನ್ನ ಬೆನ್ನನ್ನೇ. "ಅವಳು ಬಟ್ಟೆ ಹಾಕ್ಕೊಂಡಿದಾಳೆ. ನಿಮ್ಮನ್ನ ಬಟ್ಟೇನೇ ಹಾಕ್ಕೊಂಡಿದೆ" ಎಂದರು. ಹೇಳಬಾರದು, ನನಗೆ ಖುಷಿಯಾಯಿತು.

ಪಟವನ್ನು ಗೋಡೆಯೆತ್ತರ ಮಾಡಿಸಿ ಪ್ರದರ್ಶನಕ್ಕಿಟ್ಟು, ಕೆಳಗೆ 'ಕಾರ್ಮಿಕ ಮಹಿಳೆ, ೨೧೬' ಎಂದು ಬರೆಸಿದರು. ಅದೇ ಪೇಪರಿನಲ್ಲೂ ಬಂತು. ಹಿಂದಿನಿಂದ ನೋಡಿದರೆ ನಾವಿಬ್ಬರೂ ಒಂದೇ ಅಚ್ಚು. ನೀನು ಮಾಡಿದ ತಪ್ಪಿಗೆ ಅಮ್ಮ ಎಷ್ಟು ಸಲ ನನ್ನ ಬೆನ್ನಿಗೆ ಗುದ್ದಿಲ್ಲ.

ಆ ಬರಹ ತೆಗೆಸಿ ಎಂದು ಪಟದಮ್ಮನನ್ನು ಬೇಡಿಕೊಂಡೆ. "ನಿಮ್ಮ ತಂಗಿ ಪರವಾಗೇ ತಾನೇ ಈ ಪಟ? ಅದು ಫ್ಯಾಕ್ಟರಿಯೋಳಲ್ಲ, ನಮ್ಮ ಟೈಲರ್ ಅಂತ ಗೊತ್ತಾದ್ರೆ ಜನ ನಗ್ತಾರೆ. ಆಮೇಲೆ ನಿಮಗೂ ಇಲ್ಲಿ ಕೆಲಸ ಇರಲ್ಲ" ಎಂದರು. ನಾವಿರುವ ಹಿಂದಿನ ಕೋಣೆಯೂ ಅವರದೇ. ನಿಮ್ಮ ಭಾವನ ಮಂಡಿಗೆ ಮೆಟ್ಟಿಲಿಲ್ಲದ ಮನೆ ಎಲ್ಲಿ ಹುಡುಕಲಿ? ಆ ಹೊಲಿಗೆ ಬಿಚ್ಚಿದ್ದು ನೆನಪಿದೆ, ಗೌನು ಮೈಮೇಲಿಂದ ಇಳಿದ ಹಾಗೆ ಮಾತ್ರ ಅನ್ನಿಸುತ್ತಿಲ್ಲ.

ಸೋಮವಾರ ಹೆದರಬೇಡ. ಸವೆದ ಕೋಟು ಬಿಸಾಕಿದ್ದೆ, ಯಾರು ಎತ್ತಿಕೊಂಡರೋ ಕಾಣೆ ಎನ್ನು. ಆ ಬೆನ್ನು ನನ್ನದಲ್ಲ ಎನ್ನು. ನಂಬಿದರೆ ಒಳಗೆ ಬಿಡುತ್ತಾರೆ. ತಿಂದುಕೊಂಡು ಹೋಗು, ಬರೀ ಹೊಟ್ಟೆಯಲ್ಲಿ ಮಾತು ತಡವರಿಸುತ್ತದೆ. ನಿನ್ನ ಕಷ್ಟ ನನಗಿರಲಿ, ನನ್ನ ಆಯಸ್ಸು ನಿನಗಿರಲಿ.

ನಿನ್ನ ಅಕ್ಕ
(ರುಜು)

ಮರೆತದ್ದಲ್ಲ, ಬರೆಯಲಾಗದೆ ಉಳಿಸಿಕೊಂಡದ್ದು: ಮೊನ್ನೆ ನಿಮ್ಮ ಫ್ಯಾಕ್ಟರಿಯ ಇಬ್ಬರು ಇಲ್ಲಿಗೇ ಬಂದಿದ್ದರು. "ಈ ಪಟದಲ್ಲಿರೋ ಹೆಂಗಸು ಯಾರಮ್ಮ, ನೋಡಿದೀರಾ?" ಎಂದು ನನ್ನನ್ನೇ ಕೇಳಿದರು. ಪಟದಮ್ಮ ನನ್ನ ಮುಖ ನೋಡುತ್ತಿದ್ದರು. ನಾನು ಗೊತ್ತಿಲ್ಲ ಎಂದೆ. ಅವರು ಹೋಗುವ ತನಕ ಬೆನ್ನನ್ನು ಗೋಡೆಗೆ ಒತ್ತಿಕೊಂಡು ನಿಂತಿದ್ದೆ. ಈ ಕಾಗದ ಶನಿವಾರಕ್ಕೆ ನಿನ್ನ ಕೈ ಸೇರುತ್ತದೆ. ಇದನ್ನು ಅವರ ಮುಂದಿಟ್ಟರೆ ನೀನು ಉಳಿಯುತ್ತೀ, ನನ್ನ ರುಜು ಇದೆ. ತೋರಿಸು ಎಂದು ಬರೆಯಲು ಕೈ ಏಳುತ್ತಿಲ್ಲ, ಬೇಡ ಎಂದು ಬರೆಯಲೂ ಏಳುತ್ತಿಲ್ಲ. ಅದನ್ನೂ ನಿನ್ನ ತಲೆಗೇ ಕಟ್ಟಿದೆ ನೋಡು.