ಎಡಗೈಯ ಪಟ್ಟಿ

ಬೈಲಹೊಂಗಲ
೨೦ ಜನೇವರಿ ೨೦೨೫

ಪ್ರೀತಿಯ ಗಂಗಾ,

ರಾಮದುರ್ಗದಲ್ಲಿ ನೀನು, ನಿನ್ನ ಮೊಣಕಾಲು, ನಿನ್ನ ಮೊಮ್ಮಕ್ಕಳು ಎಲ್ಲರೂ ನೆಟ್ಟಗಿದ್ದೀರಿ ಎಂದುಕೊಂಡು ಬರೆಯುತ್ತಿದ್ದೇನೆ. ದೀಪಾವಳಿಗೆ ನೀನು ಫೋನ್ ಮಾಡಿದಾಗ "ನಾಳೆ ನಾನ ಮಾಡತೇನಿ" ಎಂದವಳು ಸಂಕ್ರಮಣ ಕಳೆದರೂ ಸುಮ್ಮನಿದ್ದೆ. ಬೈಯಿ, ಆದರೆ ಪೂರ್ತಿ ಓದಿದ ಮೇಲೆ ಬೈಯಿ. ನಮ್ಮದು ಎರಡು ಖೋಲಿಯ ಮನೆ. ಒಂದರಲ್ಲಿ ಪಿಸುಗುಟ್ಟಿದರೆ ಇನ್ನೊಂದರಲ್ಲಿ ಹೊಲಿಗೆ ಮಷಿನ್ ನಿಲ್ಲುತ್ತದೆ. ಅಷ್ಟೇ ಅಲ್ಲ, ಈ ಮಾತನ್ನು ನಿನ್ನ ದನಿ ಕೇಳುತ್ತ ಹೇಳುವ ಧೈರ್ಯ ನನಗಿಲ್ಲ.

ನಮ್ಮ ಶ್ರದ್ಧಾಳ ಮದುವೆ ಯಾಕೆ ಮುಂದೆ ಮುಂದೆ ಹೋಗುತ್ತಿದೆ ಎಂದು ನಿನ್ನ ಅಕ್ಕ ಸವದತ್ತಿಯಿಂದ ನಿನ್ನನ್ನು ಕೇಳಿ ಕೇಳಿ ಸಾಕು ಮಾಡಿರಬೇಕು. ಕೇಳಲಿ, ಅವರ ತಪ್ಪಿಲ್ಲ. ಗಂಡು ನೋಡು ಎಂದು ನಿನ್ನ ಬೆನ್ನು ಬಿದ್ದವಳು ನಾನೇ. ನನ್ನ ಮಗ ಕೌಶಿಕ ಕಿತ್ತೂರಿನ ಹತ್ತಿರ ಹೈವೇದಲ್ಲಿ ಗಾಡಿಯಿಂದ ಬಿದ್ದು ತೀರಿಕೊಂಡಾಗ ಶ್ರದ್ಧಾ ಇನ್ನೂ ಮೂವತ್ತು ಮುಟ್ಟಿರಲಿಲ್ಲ. ಅವಳ ಅಣ್ಣ ದೇಗಾಂವದಲ್ಲಿ ಇದ್ದೂ ಇಲ್ಲದವನು. ಬ್ಲೌಸು ಹೊಲಿಯುತ್ತ ಕೂತ ಅವಳ ಬೆನ್ನು ನೋಡಿ ನೋಡಿ ನನಗೇ ತಡೆಯಲಾಗಲಿಲ್ಲ. ಓಣಿಯ ಜನ "ಸೊಸೀಗೆ ಮತ್ತ ಲಗ್ನಾ ಮಾಡ್ತೀರೇನ್ರಿ, ನಿಮ್ಮ ಮನೆತನದಾಗ ಹಿಂಗ ಮಾಡ್ಯಾರೇನ್ರಿ ಯಾರರ?" ಎಂದಾಗ, "ಇಲ್ಲ, ನಾ ಮಾಡತೇನಿ" ಎಂದು ಮುಖಕ್ಕೆ ಹೊಡೆದಂತೆ ಹೇಳಿದೆ. ನಿನ್ನ ಅಕ್ಕನ ಮಗ ವಿಜಯ ಬಂದು ಹೋದ ದಿನ ಶ್ರದ್ಧಾ ರಾತ್ರಿಯ ಭಕ್ಕರಿ ಬಡಿಯುವಾಗ ಏನೋ ಗುನುಗುತ್ತಿದ್ದಳು. ಎಷ್ಟು ವರ್ಷದ ಮೇಲೆ, ಗಂಗಾ! ಆ ದಿನ ನನಗೆ ನಿಜವಾಗಿಯೂ ಸಂತೋಷವಾಗಿತ್ತು. ಅದನ್ನಾದರೂ ನೀನು ನಂಬಬೇಕು.

ಆಮೇಲೆ ಪಿತೃಪಕ್ಷ ಬಂತು. ಸಂಪಗಾಂವದ ಒಂದು ಮನೆಯಲ್ಲಿ ತಿಥಿಯ ಅಡಿಗೆ ಹಿಡಿದಿದ್ದೆ. ವಡೆ ಕರಿಯುವಾಗ ಒಲೆ ಅಲುಗಿ ಬಾಣಲೆ ವಾಲಿತು. ಕಾದ ಎಣ್ಣೆ ಎಡಗೈಯ ಮಣಿಕಟ್ಟಿನಿಂದ ಮೊಣಕೈತನಕ ಹರಿಯಿತು. ಹಿತ್ತಿಲಲ್ಲಿ ನಲ್ಲಿ ಇತ್ತು. ಆದರೆ ನಾನು ಮಡಿಯಲ್ಲಿದ್ದೆ. ನಲ್ಲಿಗೆ ಹೋದರೆ ಮಡಿ ಹೋಗುತ್ತದೆ, ಮತ್ತೆ ಸ್ನಾನ, ಮತ್ತೆ ಹಸಿ ಸೀರೆ, ಅಷ್ಟರಲ್ಲಿ ಪಿಂಡದ ಹೊತ್ತು ಮೀರುತ್ತದೆ. ಮಡಿನೀರಿನ ಹಂಡೆಯಲ್ಲಿ ಇದ್ದದ್ದು ಅಡಿಗೆಗೇ ಸಾಲದಷ್ಟು. ಕೈಗೆ ಒದ್ದೆ ಸೆರಗು ಸುತ್ತಿಕೊಂಡು ಉಳಿದ ವಡೆಗಳನ್ನೂ ಕರಿದೆ. ಬ್ರಾಹ್ಮಣರು ಎಲೆ ಬಿಟ್ಟು ಏಳುವ ಹೊತ್ತಿಗೆ ನನ್ನ ಕೈ ಆ ವಡೆಗಳ ಹಾಗೆಯೇ ಉಬ್ಬಿತ್ತು. ಆಮೇಲೆ ಎಲ್ಲರೂ ವೈದ್ಯರಾದರು. ಒಬ್ಬಳು ಟೂತ್‌ಪೇಸ್ಟ್ ಬಳಿದಳು, ಇನ್ನೊಬ್ಬಳು ಅದರ ಮೇಲೆ ಅರಿಷಿಣ ಉದುರಿಸಿದಳು, ಮನೆಯ ಯಜಮಾನರು ಸುಣ್ಣದ ತಿಳಿ ಹಚ್ಚಿ ಎಂದು ದೂರದಿಂದಲೇ ಅಪ್ಪಣೆ ಕೊಡಿಸಿದರು.

ಇಲ್ಲಿಯ ಡಾಕ್ಟರ್ ನಿಜಗುಣಪ್ಪನವರು ಅದನ್ನೆಲ್ಲ ತೊಳೆಯುವಾಗ ನನಗೆ ಮೂರು ಲೋಕ ಕಂಡವು. "ಬಾಯಾರ, ಸುಟ್ಟ ಕೂಡಲೆ ನಳದ ಬುಡಕ ಕೈ ಹಿಡಿದಿದ್ರ ಇಷ್ಟ ಆಳಕ್ಕ ಹೋಗತಿದ್ದಿಲ್ರಿ. ಪೇಸ್ಟು ಹಲ್ಲಿಗೆ ಇರ್ಲಿ, ಅರಿಷಿಣ ಸಾರಿಗೆ ಇರ್ಲಿ," ಎಂದು ಬೈದರು. ಗುಳ್ಳೆ ಒಡೆಯಬೇಡಿ, ದಿನಾ ತೊಳೆದು ಮುಲಾಮು ಹಚ್ಚಿ ಹೊಸ ಪಟ್ಟಿ ಕಟ್ಟಬೇಕು, ಮಣಿಕಟ್ಟು ಆಡಿಸುತ್ತಿರಬೇಕು ಎಂದು ಶ್ರದ್ಧಾಗೆ ಹೇಳಿಕೊಟ್ಟರು. ದೀಪಾವಳಿಯ ಹೊತ್ತಿಗೆ ಮಾಯುತ್ತದೆ ಎಂದರು. ಶ್ರದ್ಧಾ ಅಂದೇ ವಿಜಯನಿಗೆ ಫೋನ್ ಹಚ್ಚಿ, "ಅತ್ಯಾನ ಕೈ ಆರಾಮ ಆಗೂತನಾ ನಾ ಬರಂಗಿಲ್ರಿ" ಎಂದಳು. ಅವನೂ ಒಪ್ಪಿದ.

ಈಗ ಆ ಬೆಳಗಿನ ಹೊತ್ತಿನ ಮಾತು ಹೇಳಬೇಕು. ಅದು ತಿಳಿಯದಿದ್ದರೆ ನಿನಗೆ ಮುಂದಿನದು ತಿಳಿಯುವುದಿಲ್ಲ. ಚಹಾ ಆದ ಮೇಲೆ ಅವಳು ನನ್ನ ಎದುರು ಕೂತು ತೊಡೆಯ ಮೇಲೆ ಹಳೆಯ ಧೋತರದ ಮಡಿಕೆ ಹಾಕಿ ನನ್ನ ಕೈ ಇಟ್ಟುಕೊಳ್ಳುತ್ತಿದ್ದಳು. ಅಂಟಿದ ಬಟ್ಟೆಯನ್ನು ಕಾಯಿಸಿ ಆರಿಸಿದ ನೀರಿನಲ್ಲಿ ನೆನೆಸಿ ನೆನೆಸಿ ಬಿಡಿಸುತ್ತಿದ್ದಳು. ನಾನು ಉಸಿರು ಹಿಡಿದರೆ ನಿಲ್ಲಿಸುತ್ತಿದ್ದಳು. ನೋವು ಮರೆಸಲೆಂದು ಓಣಿಯ ಹೆಂಗಸರ ಬ್ಲೌಸಿನ ಅಳತೆಗಳ ಕತೆ ಹೇಳುತ್ತಿದ್ದಳು. ಯಾರು ದಪ್ಪಗಾದರೂ ಒಪ್ಪುವುದಿಲ್ಲ, ಯಾರು ಹಳೆಯ ಅಳತೆಯನ್ನೇ ಕೊಟ್ಟು ಜಗಳಕ್ಕೆ ಬರುತ್ತಾರೆ, ಎಲ್ಲ. ಕೌಶಿಕ ಹೋದ ಮೇಲೆ ನಾವಿಬ್ಬರೂ ಸಾರು, ಉಪ್ಪು, ಕರೆಂಟು ಬಿಟ್ಟು ಬೇರೆ ಮಾತಾಡಿದ್ದೇ ಇಲ್ಲ. ಒಂದು ದಿನ ಪಟ್ಟಿ ಸುತ್ತುತ್ತ ಅವಳೇ ಅವನ ಮಾತು ತೆಗೆದಳು. "ಅವರಿಗೆ ಸೂಜಿ ಕಂಡ್ರ ಸೈತ ಅಂಜಿಕಿ ಇತ್ತು, ಗೊತ್ತದೇನ್ರಿ ಅತ್ಯಾ?" ಎಂದಳು. ನನಗೆ ಗೊತ್ತಿರಲಿಲ್ಲ! ಹೆತ್ತವಳಿಗೆ ಗೊತ್ತಿಲ್ಲದ್ದನ್ನು ಇವಳು ಇಟ್ಟುಕೊಂಡಿದ್ದಳು. ಇಬ್ಬರೂ ನಕ್ಕೆವು, ಆಮೇಲೆ ಅತ್ತೆವು. ನನ್ನ ಕೈ ಅವಳ ತೊಡೆಯ ಮೇಲೆಯೇ ಇತ್ತು.

ದೀಪಾವಳಿಗೆ ಗಾಯ ಒಣಗಿ ಹಕ್ಕಳೆ ಕಟ್ಟಿತು. ನೀರು ತಾಗಿದರೂ ಉರಿಯುತ್ತಿರಲಿಲ್ಲ. ಅವಳು ಮರುದಿನ ಸವದತ್ತಿಗೆ ಹೋಗಿ ವಿಜಯನ ಮನೆ ನೋಡಿ ಬರುವುದೆಂದು ಆಗಿತ್ತು. ಹೊರಡುವ ದಿನ ಬೆಳಿಗ್ಗೆ ತುರಿಕೆ ತಡೆಯದೆ ಪಟ್ಟಿಯೊಳಗೆ ಬೆರಳು ಹಾಕಿದೆ, ಹಕ್ಕಳೆ ಕಿತ್ತು ಬಂತು. ರಕ್ತ ನೋಡಿ ಅವಳು ಸವದತ್ತಿಗೆಂದು ಉಟ್ಟ ಸೀರೆ ಬಿಚ್ಚಿಟ್ಟು ನನ್ನ ಎದುರು ಕೂತಳು. ಗಂಗಾ, ಅದು ತುರಿಕೆಗೆ ಆದದ್ದು. ಆದರೆ ಆಮೇಲಿನವು ತುರಿಕೆಗೆ ಆದದ್ದಲ್ಲ.

ಹೌದು. ನಾನೇ ಮಾಡಿಕೊಂಡೆ. ಅವಳು ಬ್ಲೌಸು ಕೊಡಲು ಹೊರಗೆ ಹೋದಾಗ ಪಟ್ಟಿ ಬಿಚ್ಚಿ, ಮಾಯಲು ಬಂದದ್ದನ್ನು ಉಗುರಿನಿಂದ ಎಬ್ಬಿಸಿ, ಮತ್ತೆ ಕಟ್ಟಿಕೊಳ್ಳುತ್ತಿದ್ದೆ. ನೋಯುತ್ತಿತ್ತು, ಬಹಳ ನೋಯುತ್ತಿತ್ತು. ಮಾಡುವಾಗ ನನಗೆ ನಾನೇ ಹೇಸಿಗೆ ಎನಿಸುತ್ತಿದ್ದೆ. ಮರುದಿನ ಬೆಳಿಗ್ಗೆ ಅವಳು ಎದುರು ಕೂತ ಕೂಡಲೇ ಆ ಹೇಸಿಗೆ ಎಲ್ಲಿ ಹೋಗುತ್ತಿತ್ತೋ ಗೊತ್ತಿಲ್ಲ. ಡಾಕ್ಟರು ಸಕ್ಕರೆ ನೋಡಿದರು, ರಕ್ತ ನೋಡಿದರು. "ಸಕ್ಕರಿ ಇಲ್ಲ, ನಂಜಿಲ್ಲ. ಯಾಕ ಮಾಯವಲ್ದು ಅಂತೇನಿ? ನಿದ್ದ್ಯಾಗ ತುರಿಸಿಕೋತೀರೇನ್ರಿ ಬಾಯಾರ?" ಎಂದರು. "ಇರಬೇಕ್ರಿ" ಎಂದೆ. ಶ್ರದ್ಧಾ ಪಕ್ಕದಲ್ಲೇ ನಿಂತು ಬಿಚ್ಚಿದ ಪಟ್ಟಿ ಸುತ್ತುತ್ತಿದ್ದಳು.

ಸಂಕ್ರಮಣಕ್ಕೆ ವಿಜಯ ಕುಸುರೆಳ್ಳು ತಗೊಂಡು ಬಂದಿದ್ದ. ಜೊತೆಗೆ ಯಾರೋ ಹೇಳಿದರೆಂದು ಒಂದು ಮುಲಾಮಿನ ಟ್ಯೂಬು. ನಿನ್ನ ಅಕ್ಕನ ಮಗ ಒಳ್ಳೆಯವನು, ಗಂಗಾ. ಪಂಪ್‌ಸೆಟ್ ಬಿಚ್ಚಿ ಬಿಚ್ಚಿ ಕೈ ಕರ್ರಗಾದರೂ ಮಾತು ಮೆತ್ತಗೆ. "ಮಾವಶಿ, ನೀವೂ ನಮ್ಮ ಕೂಡ ಸವದತ್ತಿಗೆ ಬಂದುಬಿಡ್ರಿ, ನಡೀತದ" ಎಂದ. ನಾನು ನಗಾಡಿ, "ಬಂದು ಯಾರಂತ ಹೇಳಲೊ ಅಲ್ಲಿ?" ಎಂದೆ. ಹೆಂಡತಿಯ ಮೊದಲಿನ ಗಂಡನ ತಾಯಿಗೆ ಆ ಮನೆಯಲ್ಲಿ ಏನೆಂದು ಕರೆಯುತ್ತಾರೆ? ಹೋಗುವಾಗ ಹೊಸ್ತಿಲಲ್ಲಿ ನಿಂತು, "ಅವ್ವ ಯುಗಾದಿ ಒಳಗ ಆಗಬೇಕು ಅನ್ಲಿಕತ್ತಾಳ್ರಿ, ಇಲ್ಲಾಂದ್ರ ಬ್ಯಾರೆ ಕಡೆ ನೋಡೋಣ ಅಂತಾಳ. ನಾ ಏನ ಹೇಳ್ಲಿ?" ಎಂದು ಶ್ರದ್ಧಾಳನ್ನು ಕೇಳಿದ. ಅವಳು ನನ್ನ ಕೈಯ ಕಡೆ ನೋಡಿದಳು. ಆ ನೋಟ ನನಗೆ ತಡೆಯಲಾಗಲಿಲ್ಲ.

ಅಂದಿನಿಂದ ಗಾಯ ಮುಟ್ಟಿಲ್ಲ. ನಿನ್ನಾಣೆ ಮುಟ್ಟಿಲ್ಲ. ಹೊಸ ಚರ್ಮ ಬರುತ್ತಿದೆ, ತೆಳ್ಳಗೆ, ಗುಲಾಬಿ ಬಣ್ಣದ್ದು. ಡಾಕ್ಟರು ಖುಷಿಪಡಲಿಲ್ಲ. ಮತ್ತೆ ಮತ್ತೆ ಕೆದರಿದ್ದಕ್ಕೆ ಕಲೆ ದಪ್ಪಗಾಗಿ ಮಣಿಕಟ್ಟನ್ನು ಎಳೆದು ಹಿಡಿದಿದೆಯಂತೆ, ಇನ್ನು ಪೂರ್ತಿ ಮಡಿಸಲು ಬರುವುದಿಲ್ಲವಂತೆ. ಹೋಳಿಗೆ ಲಟ್ಟಿಸುವುದು ಮುಗಿಯಿತು. ಅಡಿಗೆಯ ಸುಂದರಾಬಾಯಿ ಎಂದು ಯಾರೂ ಇನ್ನು ಕರೆಯಲು ಬರುವುದಿಲ್ಲ. ಇರಲಿ, ನನಗೆ ತಕ್ಕದ್ದೇ ಆಯಿತು. ಅವಳು ಹೋದ ಮೇಲೆ ಈ ಮನೆಯಲ್ಲಿ ಬೆಳಿಗ್ಗೆ ಚಹಾ ಕುಡಿದು ನಾನು ಏನು ಮಾಡುತ್ತೇನೆ ಎಂದು ನನ್ನನ್ನು ಕೇಳಬೇಡ. ಅದರ ಮುಂದೆ ಯೋಚನೆ ಹೋಗುವುದಿಲ್ಲ. ಆದರೂ ಕಳಿಸುತ್ತೇನೆ. ಮಾಘದಲ್ಲಿ ಒಂದು ದಿನ ಹಿಡಿಯಲು ನಿನ್ನ ಅಕ್ಕನಿಗೆ ಹೇಳು. ತಡ ಯಾಕಾಯಿತೆಂದು ಕೇಳಿದರೆ ಮುದುಕಿಯ ಕೈ ಮಾಯಲಿಲ್ಲ ಎನ್ನು. ಉಳಿದದ್ದು ನಿನ್ನಲ್ಲೇ ಇರಲಿ.

ವಿಜಯನಿಗೆ ನನ್ನ ಆಶೀರ್ವಾದ. ಅವನ ಮನೆಯಲ್ಲಿ ಶ್ರದ್ಧಾ ಭಕ್ಕರಿ ಬಡಿಯುವಾಗ ಹಾಡು ಗುನುಗಲಿ. ನಿನ್ನ ಮೊಮ್ಮಕ್ಕಳಿಗೆ ನೂರು ವರ್ಷ ಆಯುಷ್ಯವಾಗಲಿ. ನಿನ್ನ ಮೊಣಕಾಲಿಗೆ ಕಂಡವರೆಲ್ಲ ಹೇಳಿದ ಎಣ್ಣೆ ಹಚ್ಚಿಕೊಳ್ಳಬೇಡ.

ನಿನ್ನ
ಸುಂದರಿ

ತಾ.ಕ.: ಈ ಪತ್ರ ನಿನ್ನೆಯೇ ಟಪಾಲಿಗೆ ಹಾಕಬೇಕಿತ್ತು. ಮಡಿಚಿಟ್ಟು ಶ್ರದ್ಧಾಳನ್ನು ಕರೆದು, "ಕೈ ಆರಾಮ ಆತು. ವಿಜಯಗ ಫೋನ್ ಹಚ್ಚು, ಮಾಘದಾಗ ದಿನಾ ಹಿಡೀಲಿ" ಎಂದೆ. ಅವಳು ಮಷಿನ್ ನಿಲ್ಲಿಸಲಿಲ್ಲ. "ಬ್ಯಾರೆ ಕಡೆ ನೋಡ್ರಿ ಅಂತ ಮೊನ್ನೆನ ಹೇಳಿಬಿಟ್ಟೇನ್ರಿ ಅತ್ಯಾ" ಎಂದಳು. ಯಾಕೆ ಎಂದು ಕೇಳಿದೆ. ಆಗ ಮಷಿನ್ ನಿಲ್ಲಿಸಿದಳು. "ನಾ ಪಟ್ಟಿ ಗಂಟು ಕೈಯ ಹೊರಮಗ್ಗಲಿಗೆ ಹಾಕತೇನಿ. ಮುಂಜಾನೆ ಬಿಚ್ಚಲಿಕ್ಕೆ ಕೂತ್ರ ಒಳಮಗ್ಗಲಿಗೆ ಇರತಿತ್ತು. ದೀಪಾವಳಿಯಿಂದ ನೋಡ್ಲಿಕತ್ತೇನಿ. ಇವತ್ತ ಬಿಟ್ಟಾರು, ನಾಳೆ ಬಿಟ್ಟಾರು, ನೀವ ಬಾಯಿಬಿಟ್ಟು 'ಹೋಗಬ್ಯಾಡ' ಅಂದಾರು, ಅಂತ ದಾರಿ ನೋಡಿದೆ. ಅಂದಿದ್ರ ಇರತಿದ್ದೆ. ಖುಷೀಲೆ ಇರತಿದ್ದೆ."

"ಈಗ ಬಿಟ್ಟೇನಲ್ಲಾ. ಹೋಗವಾ, ಸವದತ್ತಿಗೆ ನಾ ಫೋನ್ ಹಚ್ಚತೇನಿ" ಎಂದೆ.

"ನನಗ ಈಗ ಎಲ್ಲಿಗೂ ಹೋಗೂ ಮನಸಿಲ್ರಿ. ಇಲ್ಲಿ ಇರೂ ಮನಸೂ ಇಲ್ಲ" ಎಂದಳು. ಸಿಟ್ಟಿರಲಿಲ್ಲ, ಗಂಗಾ. ಸಿಟ್ಟಿದ್ದಿದ್ದರೆ ಕಾಲು ಹಿಡಿಯುತ್ತಿದ್ದೆ.

ಇವತ್ತು ಬೆಳಿಗ್ಗೆ ಚಹಾ ಆದ ಮೇಲೆ ಅಭ್ಯಾಸದಂತೆ ಕೈ ಚಾಚಿ ಕೂತೆ. ಅವಳು ಆರಿಸಿದ ನೀರು, ಮುಲಾಮು, ಹೊಸ ಪಟ್ಟಿ ಎಲ್ಲ ತಂದು ನನ್ನ ಮುಂದೆ ಇಟ್ಟಳು. "ನೀವ ಕಟ್ಟಿಕೋರಿ ಅತ್ಯಾ. ಒಂದ ಕೈಲೆ ಬಿಚ್ಚಿ ಕಟ್ಟೂದು ನಿಮಗ ರೂಢಿ ಅದ ಅಲ್ಲಾ" ಎಂದು ಹೇಳಿ ಮಷಿನ್ನಿಗೆ ಹೋಗಿ ಕೂತಳು. ಕಟ್ಟಿಕೊಂಡೆ.